ಕಪ್ಪುಕುಳಿಯ ಒಳಲೆಕ್ಕ

(ಒಂದು ಭಾನುವಾರ ಸಂಜೆ ವಿಜ್ಞಾನಾಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಬೋರ್ಡಿನ ಮೇಲೆ ಬರೆದದ್ದರಲ್ಲಿ ಮುಖ್ಯವಾದದ್ದನ್ನು ಮಾತಿನಲ್ಲೇ ಹೇಳಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಜೇಬಿನಲ್ಲಿ ಒಂದು ಹಿಡಿ ಹುಣಸೆ ಬೀಜ ತಂದಿದ್ದೇನೆ. ಅಳಗುಳಿ ಮಣೆ ಆಡಿ ಬೆಳೆದವರಿಗೆ ಇವುಗಳ ಪರಿಚಯ ಮಾಡಿಸಬೇಕಿಲ್ಲ. ಸದ್ಯಕ್ಕೆ ಮೇಜಿನ ಮೇಲಿರಲಿ, ಆಮೇಲೆ ಕೆಲಸಕ್ಕೆ ಬರುತ್ತವೆ.

ಮೊದಲು ಬಿಸಿಯ ಮಾತು. ಈಗಷ್ಟೇ ಎಲ್ಲರೂ ಕಾಫಿ ಕುಡಿದಿರಿ. ಲೋಟ ಬಿಸಿಯಾಗಿತ್ತು ಅನ್ನುವುದರ ಅರ್ಥವೇನು? ಒಳಗಿನ ಕೋಟ್ಯಂತರ ಅಣುಗಳು ಒಂದೇ ಸಮನೆ ಕುಣಿಯುತ್ತಿವೆ, ಯಾವ ಅಣು ಎಲ್ಲಿದೆ ಅನ್ನುವುದು ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹೊರಗಿನಿಂದ ಒಂದೇ ಥರ ಕಾಣುವ ಕಾಫಿಯ ಒಳಗೆ ಅಣುಗಳು ಎಷ್ಟು ಬಗೆಯಲ್ಲಿ ಜೋಡಣೆಗೊಂಡಿರಬಹುದು? ಆ ಸಂಖ್ಯೆಯ ಲಾಗರಿದಮ್ಮೇ ಎಂಟ್ರೊಪಿ. ವಿಯೆನ್ನಾದ ಸ್ಮಶಾನದಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್‌ನ ಗೋರಿಯ ಮೇಲೆ ಕೆತ್ತಿರುವುದು ಇದೇ ಸಮೀಕರಣವನ್ನು. ಅಣುಗಳೇ ಇಲ್ಲ ಅನ್ನುವವರ ಜೊತೆ ಜೀವಮಾನವಿಡೀ ಜಗಳವಾಡಿದ ಮನುಷ್ಯ ಆತ. ಅಣುವನ್ನು ಕಣ್ಣಾರೆ ಕಾಣುವ ಮೊದಲೇ, ಬಿಸಿ ಇದೆ ಎಂದ ಮೇಲೆ ಒಳಗೆ ಎಣಿಸಲು ಏನೋ ಇರಲೇಬೇಕು ಎಂದು ಹಟ ಹಿಡಿದಿದ್ದ. ಈ ಹಟವನ್ನು ನೆನಪಿಟ್ಟುಕೊಳ್ಳಿ.

ಈಗ ಕಪ್ಪುಕುಳಿ. ಪತ್ರಿಕೆಗಳು ಕಪ್ಪು ರಂಧ್ರ ಅನ್ನುತ್ತವೆ, ಕೆಲವರು ಕೃಷ್ಣರಂಧ್ರ ಅನ್ನುತ್ತಾರೆ. ರಂಧ್ರ ಅಂದರೆ ಆ ಕಡೆಯಿಂದ ಹೊರಬರಬಹುದು ಅನ್ನಿಸುತ್ತದೆ. ಕುಳಿ ವಾಸಿ, ಬಿದ್ದವರು ಬಿದ್ದಲ್ಲೇ.

1970ರ ದಶಕದ ಆರಂಭದಲ್ಲಿ ಪ್ರಿನ್ಸ್‌ಟನ್‌ನಲ್ಲಿ ಜಾನ್ ವ್ಹೀಲರ್ ತನ್ನ ವಿದ್ಯಾರ್ಥಿ ಯಾಕೋಬ್ ಬೆಕೆನ್‌ಸ್ಟೈನ್ ಮುಂದೆ ಒಂದು ತಲೆಹರಟೆಯ ಪ್ರಶ್ನೆ ಇಟ್ಟರು. ಬಿಸಿ ಚಹಾವನ್ನೂ ತಣ್ಣನೆಯ ಚಹಾವನ್ನೂ ಬೆರೆಸಿದರೆ ಜಗತ್ತಿನ ಎಂಟ್ರೊಪಿ ಹೆಚ್ಚುತ್ತದೆ, ಅದೊಂದು ಅಪರಾಧ. ಆದರೆ ಆ ಕಪ್ಪನ್ನು ಒಯ್ದು ಕಪ್ಪುಕುಳಿಗೆ ಎಸೆದುಬಿಟ್ಟರೆ? ಸಾಕ್ಷಿಯೇ ನಾಪತ್ತೆ! ಬೆಕೆನ್‌ಸ್ಟೈನ್ ಯೋಚಿಸಿ ಬಂದು ಹೇಳಿದ್ದು: ಸಾಕ್ಷಿ ನಾಪತ್ತೆಯಾಗುವುದಿಲ್ಲ, ಕುಳಿಯ ಮೇಲ್ಮೈ ಅಷ್ಟು ಹಿಗ್ಗುತ್ತದೆ. ಕಪ್ಪುಕುಳಿಗೂ ಎಂಟ್ರೊಪಿ ಇದೆ, ಅದು ಅದರ ಘಟನಾ ದಿಗಂತದ, ಅಂದರೆ ದಾಟಿದರೆ ಹಿಂದಿರುಗಲಾಗದ ಗಡಿಯ, ಕ್ಷೇತ್ರಫಲಕ್ಕೆ ಅನುಗುಣವಾಗಿದೆ. ಸ್ಟೀಫನ್ ಹಾಕಿಂಗ್ ಇದನ್ನು ಒಪ್ಪಲಿಲ್ಲ. ಎಂಟ್ರೊಪಿ ಇದ್ದರೆ ಉಷ್ಣತೆ ಇರಬೇಕು, ಉಷ್ಣತೆ ಇದ್ದರೆ ವಿಕಿರಣ ಹೊರಬರಬೇಕು, ಕುಳಿಯಿಂದ ಏನು ಹೊರಬರುತ್ತದೆ ಎಂಬುದು ಅವರ ತಕರಾರು. 1974ರಲ್ಲಿ ಅವರೇ ಕೂತು ಲೆಕ್ಕ ಮಾಡಿದಾಗ ವಿಕಿರಣ ಬಂದೇಬಿಟ್ಟಿತು. ಬೆಕೆನ್‌ಸ್ಟೈನ್‌ಗೆ ಸಿಕ್ಕದೇ ಇದ್ದ ಗುಣಾಂಕವೂ ಸಿಕ್ಕಿತು. ಪ್ಲಾಂಕ್ ಅಳತೆಯ, ಅಂದರೆ ಊಹೆಗೂ ಸಿಗದಷ್ಟು ಸಣ್ಣ ಚೌಕಗಳಲ್ಲಿ ಎಣಿಸಿದರೆ, ಎಂಟ್ರೊಪಿ ಅಂದರೆ ಕ್ಷೇತ್ರಫಲ ಭಾಗಿಸು ನಾಲ್ಕು. ಈ ನಾಲ್ಕನ್ನೂ ನೆನಪಿಡಿ.

ಕಾಲೇಜಿನಲ್ಲಿ ಥರ್ಮೊಡೈನಮಿಕ್ಸ್ ಪಾಠ ಮಾಡುತ್ತಿದ್ದ ನನಗೆ ಇಲ್ಲಿ ಮೊದಲು ಕಸಿವಿಸಿಯಾದದ್ದು ಕ್ಷೇತ್ರಫಲದಿಂದ. ಎರಡು ಲೋಟ ಕಾಫಿಗೆ ಒಂದು ಲೋಟದ ಎರಡರಷ್ಟು ಎಂಟ್ರೊಪಿ ಎಂದೇ ಎಲ್ಲ ಬ್ಯಾಚಿಗೂ ಹೇಳಿಕೊಟ್ಟಿದ್ದೆ. ಕಪ್ಪುಕುಳಿಯ ದ್ರವ್ಯರಾಶಿ ಎರಡರಷ್ಟಾದರೆ ಎಂಟ್ರೊಪಿ ನಾಲ್ಕರಷ್ಟಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಆ ಸಂಖ್ಯೆಯ ಗಾತ್ರ ನೋಡಿ. ಸೂರ್ಯನಷ್ಟು ದ್ರವ್ಯವಿರುವ ಕಪ್ಪುಕುಳಿಯ ತ್ರಿಜ್ಯ ಸುಮಾರು 3 ಕಿಲೋಮೀಟರ್, ಮೇಲ್ಮೈ ಸುಮಾರು 110 ಚದರ ಕಿಲೋಮೀಟರ್. ಬೆಂಗಳೂರಿನ ಒಂದು ಮೂಲೆಯಲ್ಲಿ ಹಾಸಿಬಿಡಬಹುದು. ಅದರ ಎಂಟ್ರೊಪಿ 10⁷⁷. ಇವತ್ತು ಹೊಳೆಯುತ್ತಿರುವ ಸೂರ್ಯನ ಎಂಟ್ರೊಪಿ ಸುಮಾರು 10⁵⁸. ಅಂದರೆ ಸೂರ್ಯ ಕುಗ್ಗಿ ಕುಳಿಯಾದರೆ ಎಂಟ್ರೊಪಿಯಲ್ಲಿ 19 ಸೊನ್ನೆ ಹೆಚ್ಚು. ಇದು ಲಾಗರಿದಮ್ ಮಾತ್ರ. ಜೋಡಣೆಗಳ ನಿಜವಾದ ಸಂಖ್ಯೆ ಬರೆಯಲು ಹೊರಟರೆ ಅಂಕೆಗಳಿಗೇ ಜಗತ್ತು ಸಾಲದು.

ಇಷ್ಟು ಬಗೆ ಎಲ್ಲಿ ಅಡಗಿವೆ? ಹೊರಗಿನಿಂದ ನೋಡಿದರೆ ಕಪ್ಪುಕುಳಿಯಷ್ಟು ಬೋಳು ವಸ್ತು ಇನ್ನೊಂದಿಲ್ಲ. ದ್ರವ್ಯರಾಶಿ, ತಿರುಗು, ವಿದ್ಯುದಾವೇಶ ಇಷ್ಟು ಹೇಳಿದರೆ ಅದರ ಜಾತಕ ಮುಗಿಯಿತು. ಈ ಬೋಳುತನದ ಕತೆಯಲ್ಲಿ ನಮ್ಮ ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ ಇದ್ದಾರೆ. ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದಕ್ಕೂ ಮುಂಚೆ, 1970ರಲ್ಲಿ, ಕಪ್ಪುಕುಳಿಗೆ ಗುರುತ್ವದ ಅಲೆಯೊಂದು ತಾಗಿದರೆ ಏನಾಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಗಂಟೆ ಬಾರಿಸಿದ ಹಾಗೆ ಅದು ತನ್ನದೇ ಶ್ರುತಿಯಲ್ಲಿ ಮೊಳಗಿ, ಬೇಗನೆ ಸುಮ್ಮನಾಗಿ, ಮತ್ತೆ ಬೋಳಾಗುತ್ತದೆ. ಆ ಮೊಳಗು 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಹಿಡಿಯುವ ಲೈಗೋ ಯಂತ್ರದ ಕಿವಿಗೆ ಬಿತ್ತು. ಅದನ್ನು ಕೇಳಿಸಿಕೊಳ್ಳಲು ಅವರು ಇದ್ದರು ಅನ್ನುವುದು ಸಮಾಧಾನ, 2017ರ ಜನವರಿಯಲ್ಲಿ ತೀರಿಕೊಂಡರು. 2025ರ ಜನವರಿ 14ರ ಇನ್ನೊಂದು ಸಂಕೇತ ಎಷ್ಟು ಸ್ಪಷ್ಟವಾಗಿತ್ತೆಂದರೆ, ಎರಡು ಕುಳಿಗಳ ಮೇಲ್ಮೈ ಸೇರಿ ಸುಮಾರು 2.4 ಲಕ್ಷ ಚದರ ಕಿಲೋಮೀಟರ್ ಇದ್ದದ್ದು ಕೂಡಿದ ಮೇಲೆ ಸುಮಾರು 4 ಲಕ್ಷವಾಯಿತು ಎಂದು ಆ ಸಂಕೇತದಿಂದಲೇ ಅಳೆದರು. ನಮ್ಮ ರಾಜ್ಯದ ವಿಸ್ತೀರ್ಣ 1.92 ಲಕ್ಷ; ಒಂದು ಕರ್ನಾಟಕಕ್ಕಿಂತ ತುಸು ಹೆಚ್ಚಿದ್ದದ್ದು ಎರಡು ಕರ್ನಾಟಕವನ್ನೂ ದಾಟಿತು. ಕ್ಷೇತ್ರಫಲ ಎಂದೂ ಕುಗ್ಗದು ಎಂಬ ಹಾಕಿಂಗ್‌ರ 1971ರ ಪ್ರಮೇಯ ಗೆದ್ದಿತು.

ಹೊರಗೆ ಬೋಳು, ಒಳಗೆ ಎಣಿಕೆಗೆ ಸಿಗದಷ್ಟು. ಎಣಿಸುವುದು ಹೇಗೆ? ಐನ್‌ಸ್ಟೈನ್‌ ಸಮೀಕರಣಗಳಲ್ಲಿ ಎಣಿಸಲು ಬಿಡಿ ವಸ್ತುಗಳೇ ಇಲ್ಲ. ಇಲ್ಲಿಂದ ಸ್ಟ್ರಿಂಗ್ ಥಿಯರಿ, ಅಂದರೆ ತಂತು ಸಿದ್ಧಾಂತ. ಕಣಗಳೆಲ್ಲ ಕಂಪಿಸುವ ಪುಟ್ಟ ತಂತುಗಳು ಎನ್ನುತ್ತದೆ ಅದು.

ಬೀಜ ಎತ್ತಿಕೊಳ್ಳೋಣ. ಇಲ್ಲಿ ನಾಲ್ಕು ಬೀಜ. ಇವನ್ನು ಎಷ್ಟು ಬಗೆಯಲ್ಲಿ ಗುಡ್ಡೆ ಮಾಡಬಹುದು? ನಾಲ್ಕರ ಒಂದು ಗುಡ್ಡೆ, ಮೂರು ಮತ್ತು ಒಂದು, ಎರಡು ಮತ್ತು ಎರಡು, ಎರಡು, ಒಂದು, ಒಂದು, ಬಿಡಿಬಿಡಿಯಾಗಿ ನಾಲ್ಕು. ಒಟ್ಟು 5. ಐದು ಬೀಜಕ್ಕೆ?

(ಮುಂದಿನ ಸಾಲಿನಲ್ಲಿದ್ದ ಎಂಟನೇ ತರಗತಿಯ ಹುಡುಗಿಯನ್ನು ಕರೆದೆ. ಮೇಜಿನ ಮೇಲೆ ಜೋಡಿಸುತ್ತಾ ಹೋಗಿ, "ಆರು, ಸರ್" ಅಂದಳು. ಹಿಂದಿನಿಂದ ಯಾರೋ "ಏಳು" ಎಂದು ಕೂಗಿದರು. ಆಕೆ ತಿರುಗಿ ನೋಡಲಿಲ್ಲ, ಬೀಜಗಳನ್ನೇ ದಿಟ್ಟಿಸಿ, "ಎರಡು, ಎರಡು, ಒಂದು ಬಿಟ್ಟುಹೋಗಿತ್ತು" ಅಂದಳು.)

ಏಳೇ ಸರಿ, ಬಾಮ್ಮ ಕೂತ್ಕೊ. ಹತ್ತು ಬೀಜಕ್ಕೆ 42. ನೂರಕ್ಕೆ 19,05,69,292. ಇನ್ನೂರಕ್ಕೆ ಸುಮಾರು ನಾಲ್ಕು ಲಕ್ಷ ಕೋಟಿ. ಮ್ಯಾಕ್‌ಮೋಹನ್ ಎಂಬ ಸೇನಾಧಿಕಾರಿ ಇನ್ನೂರರವರೆಗೆ ಕೈಯಲ್ಲೇ ಲೆಕ್ಕ ಮಾಡಿ ಪಟ್ಟಿ ಕೊಟ್ಟರು. ಶ್ರೀನಿವಾಸ ರಾಮಾನುಜನ್ ಮತ್ತು ಹಾರ್ಡಿ 1918ರಲ್ಲಿ ಇದಕ್ಕೆ ಸೂತ್ರ ಕೊಟ್ಟಾಗ ಒರೆಗೆ ಹಚ್ಚಿದ್ದು ಆ ಪಟ್ಟಿಗೇ. ಸೂತ್ರದ ತಿರುಳು ಇಷ್ಟು: ಬಗೆಗಳ ಲಾಗರಿದಮ್ ಬೀಜಗಳ ಸಂಖ್ಯೆಯ ವರ್ಗಮೂಲದ ಹಾಗೆ ಬೆಳೆಯುತ್ತದೆ.

ಇದಕ್ಕೂ ತಂತಿಗೂ ಏನು ಸಂಬಂಧ? ತಂಬೂರಿ ಮೀಟಿದಾಗ ಮೂಲ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು ಕಂಪನಾಂಕದ ಅನುಸ್ವರಗಳೂ ಕೇಳುತ್ತವೆ. ಕ್ವಾಂಟಮ್ ತಂತುವಿನಲ್ಲಿ ಮೊದಲನೆಯ ಕಂಪನಕ್ಕೆ ಒಂದು ಬೀಜದಷ್ಟು ಶಕ್ತಿ ಬೇಕು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಒಟ್ಟು ಶಕ್ತಿ ಐದು ಬೀಜದಷ್ಟು ಎಂದಾದರೆ ತಂತು ಎಷ್ಟು ಬಗೆಯಲ್ಲಿ ಕಂಪಿಸಬಹುದು? ಈ ಮೇಜಿನ ಮೇಲಿದ್ದ ಏಳು ಬಗೆ. ಇದು ತಂತು ಒಂದೇ ದಿಕ್ಕಿನಲ್ಲಿ ಅಲುಗಾಡಿದರೆ. ಹೆಟೆರೋಟಿಕ್ ತಂತು ಎಂಬ ಒಂದು ಜಾತಿಯಿದೆ, ಅದರ ಒಂದು ಮಗ್ಗುಲ ಅಲೆಗಳು 24 ಬಗೆಯಲ್ಲಿ ಅಲುಗಾಡಬಲ್ಲವು. ಒಂದೊಂದು ಗುಡ್ಡೆಗೂ 24 ಬಣ್ಣಗಳಲ್ಲಿ ಒಂದನ್ನು ಬಳಿದಂತೆ. ಒಂದು ಬೀಜಕ್ಕೆ 24 ಬಗೆ. ಎರಡು ಬೀಜಕ್ಕೆ: ಒಂದೇ ಗುಡ್ಡೆಯಾದರೆ 24, ಎರಡು ಗುಡ್ಡೆಯಾದರೆ ಬಣ್ಣಗಳ 300 ಜೋಡಿ, ಸೇರಿ 324. ಮೂರಕ್ಕೆ 3,200. ಬಗೆಗಳ ಸಂಖ್ಯೆ ಎಷ್ಟು ಬೇಗ ಏರುತ್ತದೆ ನೋಡಿದಿರಾ? ಇನ್ನೂ ಮೂರೇ ಬೀಜ.

1995ರಲ್ಲಿ ತಂತು ಸಿದ್ಧಾಂತದ ವಿಜ್ಞಾನಿ ಅಶೋಕ್ ಸೇನ್ ಇದನ್ನು ಕಪ್ಪುಕುಳಿಗೆ ಹೋಲಿಸಿ ನೋಡಿದರು. ತಂತುವಿನ ದ್ರವ್ಯರಾಶಿ ಬಹಳವಾದರೆ ಅದು ತನ್ನ ಗುರುತ್ವದಲ್ಲೇ ಕುಸಿದು ಕುಳಿಯಾಗಬೇಕಲ್ಲ? ಹಾಗಿದ್ದರೆ ತಂತುವಿನ ಬಗೆಗಳೇ ಕುಳಿಯ ಬಗೆಗಳಿರಬೇಕು. ವರ್ಗಮೂಲ ಎರಡೂ ಕಡೆ ಬಂತು, ಗುಣಾಂಕ ಮಾತ್ರ ಕೈಗೆ ಸಿಕ್ಕಲಿಲ್ಲ. ಕಾರಣ, ಐನ್‌ಸ್ಟೈನ್ ಲೆಕ್ಕದಲ್ಲಿ ಆ ಕುಳಿಯ ಕ್ಷೇತ್ರಫಲ ಸೊನ್ನೆ! ತಂತುವಿನ ಉದ್ದದಷ್ಟು ಸಣ್ಣ ಜಾಗದಲ್ಲಿ ನಡೆಯುವ ತಿದ್ದುಪಡಿಗಳೇ ಅಲ್ಲಿ ಎಲ್ಲವನ್ನೂ ನಿರ್ಧರಿಸುತ್ತವೆ. ಹತ್ತಿರ ಬಂದೂ ಮುಟ್ಟಲಾಗದ ಸ್ಥಿತಿ.

ಅದೇ ವರ್ಷದ ಕೊನೆಗೆ ಜೋ ಪೋಲ್ಚಿನ್‌ಸ್ಕಿ ಡಿ-ಬ್ರೇನ್ ಎಂಬ ಹೊಸ ಪಾತ್ರವನ್ನು ತಂದರು. ತಂತುವಿನ ತುದಿಗಳು ಅಂಟಿಕೊಳ್ಳುವ ಹಾಳೆ, ದಾರ, ಹೀಗೆ ನಾನಾ ಆಯಾಮದ ವಸ್ತುಗಳು. ಕೆಲವೇ ತಿಂಗಳಲ್ಲಿ, 1996ರ ಜನವರಿಯಲ್ಲಿ, ಆಂಡ್ರ್ಯೂ ಸ್ಟ್ರೊಮಿಂಜರ್ ಮತ್ತು ಕುಮ್ರುನ್ ವಾಫಾ ಒಂದು ಪುಟ್ಟ ಪ್ರಬಂಧ ಹೊರತಂದರು. ಈ ಸಂಜೆಯ ಮಾತೆಲ್ಲ ಬಂದು ಸೇರುವುದು ಅಲ್ಲಿಗೇ. ಅದರ ಲೆಕ್ಕವನ್ನು ಕಾಲನ್ ಮತ್ತು ಮಾಲ್ಡಸೇನಾ ಇನ್ನಷ್ಟು ಸರಳ ಮಾಡಿದರು, ಆ ರೂಪವನ್ನೇ ಇಲ್ಲಿ ತೋರಿಸುತ್ತೇನೆ. ಹೈಸ್ಕೂಲ್ ಗಣಿತ ಸಾಕು.

ಒಂದು ಸಣ್ಣ ವೃತ್ತ. ಅದಕ್ಕೆ ಒಂದಷ್ಟು ಡಿ1 ಸುತ್ತಿದೆ, ಇವು ದಾರಗಳು. ಒಂದಷ್ಟು ಡಿ5 ಸುತ್ತಿದೆ, ಇವು ಐದು ಆಯಾಮದ ಹಾಳೆಗಳು, ಮಿಕ್ಕ ನಾಲ್ಕು ಆಯಾಮ ನಮಗೆ ಕಾಣದಷ್ಟು ಸಣ್ಣದಾಗಿ ಸುರುಳಿಕೊಂಡಿವೆ. ದಾರಕ್ಕೂ ಹಾಳೆಗೂ ನಡುವೆ ಪುಟ್ಟ ತಂತುಗಳು. ಅವು ವೃತ್ತದ ಗುಂಟ ಒಂದೇ ದಿಕ್ಕಿಗೆ ಓಡುತ್ತವೆ. ಆ ಓಟದ ಒಟ್ಟು ಆವೇಗವೇ ನಮ್ಮ ಬೀಜಗಳು. ಬಣ್ಣ ಎಷ್ಟು? ಯಾವ ದಾರ, ಯಾವ ಹಾಳೆ ಎಂಬ ಜೋಡಿಗಳು: ದಾರಗಳ ಸಂಖ್ಯೆ ಗುಣಿಸು ಹಾಳೆಗಳ ಸಂಖ್ಯೆ. ಪ್ರತಿ ಜೋಡಿಗೆ ನಾಲ್ಕು ಬೋಸಾನ್, ನಾಲ್ಕು ಫರ್ಮಿಯಾನ್; ಕಣಗಳಲ್ಲಿರುವ ಎರಡು ಜಾತಿ ಇವು. ಒಂದೇ ಸ್ಥಿತಿಯಲ್ಲಿ ಎರಡು ಫರ್ಮಿಯಾನ್ ಕೂರುವುದಿಲ್ಲವಾದ್ದರಿಂದ ಎಣಿಕೆಯಲ್ಲಿ ಅವಕ್ಕೆ ಅರ್ಧ ಬಣ್ಣದ ಬೆಲೆ. ನಾಲ್ಕು ಕೂಡಿಸು ಎರಡು, ಆರು.

ಬೀಜಗಳು ಬಣ್ಣಗಳಿಗಿಂತ ಬಹಳ ಹೆಚ್ಚಿದ್ದಾಗ ರಾಮಾನುಜನ್ ಸೂತ್ರದ ವಿಸ್ತರಣೆ ಹೀಗಿದೆ: ಬಣ್ಣಗಳನ್ನು ಬೀಜಗಳಿಂದ ಗುಣಿಸಿ, ಆರರಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈಯಿಂದ ಗುಣಿಸಿ. ಅದೇ ಎಂಟ್ರೊಪಿ. ಬಣ್ಣದಲ್ಲಿ ಒಂದು ಆರು ಇದೆ, ಛೇದದಲ್ಲಿ ಇನ್ನೊಂದು ಆರು. ಹೊಡೆದುಹೋಯಿತು. ಉಳಿದದ್ದು: ಎರಡು ಪೈ ಗುಣಿಸು ದಾರ, ಹಾಳೆ, ಬೀಜ ಈ ಮೂರರ ಗುಣಲಬ್ಧದ ವರ್ಗಮೂಲ. 10 ದಾರ, 10 ಹಾಳೆ, 10,000 ಬೀಜ ಇಟ್ಟುಕೊಳ್ಳಿ. ವರ್ಗಮೂಲ ಸಾವಿರ, ಎಂಟ್ರೊಪಿ ಸುಮಾರು 6,283. ಬಗೆಗಳ ಸಂಖ್ಯೆಯಲ್ಲಿ ಸುಮಾರು 2,700 ಅಂಕೆ.

ಈಗ ಇನ್ನೊಂದು ಕಡೆ. ದಾರ, ಹಾಳೆ, ಬೀಜ ಈ ಮೂರು ಸಂಖ್ಯೆಗಳೇ ಕುಳಿಯ ಮೂರು ಆವೇಶಗಳು. ಇದೇ ಮೂರು ಆವೇಶಗಳಿರುವ ಕಪ್ಪುಕುಳಿಗಾಗಿ ಐನ್‌ಸ್ಟೈನ್ ಮಾದರಿಯ ಸಮೀಕರಣಗಳನ್ನು ಐದು ಆಯಾಮದಲ್ಲಿ ಬಿಡಿಸಿ. ತಂತುವನ್ನೂ ಬೀಜವನ್ನೂ ಮರೆತುಬಿಡಿ. ದಿಗಂತದ ಕ್ಷೇತ್ರಫಲ ಕಂಡುಹಿಡಿದು ನಾಲ್ಕರಿಂದ ಭಾಗಿಸಿ. ಬರುವ ಉತ್ತರ: ಎರಡು ಪೈ ಗುಣಿಸು ಮೂರರ ಗುಣಲಬ್ಧದ ವರ್ಗಮೂಲ. ಬೆಕೆನ್‌ಸ್ಟೈನ್‌ಗೆ ಸಿಕ್ಕದ, ಹಾಕಿಂಗ್‌ಗೆ ಸಿಕ್ಕ ಆ ನಾಲ್ಕು, ಎಣಿಕೆಯಿಂದ ತಾನಾಗಿ ಬಂತು. ಮೊದಲ ಸಲ ಈ ಲೆಕ್ಕವನ್ನು ಎರಡು ಹಾಳೆಯಲ್ಲಿ ಬೇರೆಬೇರೆ ಮಾಡಿ ಪಕ್ಕದಲ್ಲಿಟ್ಟು ನೋಡಿದ ರಾತ್ರಿ ನಾನು ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಎರಡೂ ಒಂದೇ ಇದೆಯಲ್ಲ, ಅದರಲ್ಲೇನು?" ಅಂದಳು. ಅದೇ ವಿಶೇಷ ಎಂದು ವಿವರಿಸುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಒಂದು ಕೈಚಳಕವನ್ನು ಮುಚ್ಚಿಟ್ಟಿದ್ದೇನೆ, ಅದನ್ನು ಬಿಚ್ಚಬೇಕು. ತಂತು ಸಿದ್ಧಾಂತದಲ್ಲಿ ಗುರುತ್ವ ಎಷ್ಟು ಬಿಗಿ ಅನ್ನುವುದನ್ನು ರೇಡಿಯೋ ತಿರುಗುಣಿಯ ಹಾಗೆ ಏರಿಸಬಹುದು, ಇಳಿಸಬಹುದು. ಬೀಜ ಎಣಿಸಿದ್ದು ತಿರುಗುಣಿ ಸೊನ್ನೆಯ ಹತ್ತಿರ ಇದ್ದಾಗ. ಅಲ್ಲಿ ದಿಗಂತವೇ ಇಲ್ಲ, ಕುಳಿಯೇ ಇಲ್ಲ, ದಾರ ಹಾಳೆಗಳ ಗೋಜಲು ಮಾತ್ರ. ತಿರುಗುಣಿ ಏರಿಸಿದರೆ ಆ ಗೋಜಲು ಕುಳಿಯಾಗುತ್ತದೆ. ನಡುವೆ ಎಣಿಕೆ ಬದಲಾಗಲಿಲ್ಲ ಎಂದು ಹೇಗೆ ನಂಬುವುದು? ಸೂಪರ್‌ಸಿಮ್ಮೆಟ್ರಿ ಕಾಪಾಡುತ್ತದೆ. ಒಂದು ಮದುವೆಮನೆಗೆ ಜನ ಗಂಡ-ಹೆಂಡಿರ ಜೋಡಿಯಾಗಿಯೇ ಬರಬೇಕು, ಜೋಡಿಯಾಗಿಯೇ ಹೋಗಬೇಕು ಎಂಬ ಕಟ್ಟಳೆ ಇದೆ ಎನ್ನಿ. ಒಳಗಿರುವ ಗಂಡಸರ ಸಂಖ್ಯೆಯಲ್ಲಿ ಹೆಂಗಸರ ಸಂಖ್ಯೆ ಕಳೆದರೆ ಸಿಗುವ ಶೇಷ ರಾತ್ರಿಯಿಡೀ ಅಷ್ಟೇ ಇರುತ್ತದೆ, ಎಷ್ಟೇ ಜನ ಬಂದು ಹೋಗಲಿ. ಇಲ್ಲಿ ಬೋಸಾನ್ ಮತ್ತು ಫರ್ಮಿಯಾನ್ ಆ ಜೋಡಿ. ನಾವು ಎಣಿಸುವುದು ಆ ಶೇಷವನ್ನು. ಬಹುಪಾಲು ಸೊಗಸಾದ ಲೆಕ್ಕಗಳು ಈ ಕಟ್ಟಳೆಯ ನೆರಳಿನಲ್ಲೇ ನಡೆದಿವೆ. ಆಕಾಶದಲ್ಲಿರುವ ಕುಳಿಗಳಿಗೆ ಆ ನೆರಳಿಲ್ಲ.

ಹಾಗೆಂದು ಇದು ಬರೀ ಕಾಕತಾಳೀಯ ಅನ್ನುವವರ ಜೊತೆ ನಾನಿಲ್ಲ. ಅದೇ 1996ರಲ್ಲಿ ಸುಮಿತ್ ದಾಸ್, ಸಮೀರ್ ಮಾಥುರ್ ಮತ್ತು ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್ಆರ್‌ನಲ್ಲಿ ಅವಿನಾಶ್ ಧರ್, ಗೌತಮ್ ಮಂಡಲ್, ಸ್ಪೆಂಟಾ ವಾಡಿಯಾ ಆ ಕುಳಿಯನ್ನು ಕೊಂಚ ಬಿಸಿ ಮಾಡಿ ನೋಡಿದರು. ವೃತ್ತದ ಮೇಲೆ ಎದುರಾಬದುರು ಓಡುವ ಎರಡು ಅಲೆಗಳು ಡಿಕ್ಕಿಯಾಗಿ ಒಂದು ತಂತು ಕಳಚಿಕೊಂಡು ಹೊರಹೋಗುತ್ತದೆ. ಆ ಪ್ರಮಾಣ ಹಾಕಿಂಗ್ ವಿಕಿರಣದ ಪ್ರಮಾಣಕ್ಕೆ ಸರಿಹೊಂದಿತು. ಇಲ್ಲಿ ವಿಕಿರಣಕ್ಕೆ ಏನೂ ನಿಗೂಢವಿಲ್ಲ, ಕಾದ ಕಬ್ಬಿಣ ಬೆಳಕು ಸೂಸಿದ ಹಾಗೆ.

ಸೇನ್‌ರಂತೂ ಪಟ್ಟು ಬಿಡಲಿಲ್ಲ. ಕ್ಷೇತ್ರಫಲ ಭಾಗಿಸು ನಾಲ್ಕು ಅನ್ನುವುದು ದೊಡ್ಡ ಕುಳಿಗೆ ಸರಿ, ಅದರ ಬಾಲದಲ್ಲಿ ಸಣ್ಣ ತಿದ್ದುಪಡಿಗಳಿವೆ. ಅವುಗಳಲ್ಲಿ ಕ್ಷೇತ್ರಫಲದ ಲಾಗರಿದಮ್ ಒಂದು. ಅತಿ ಹೆಚ್ಚು ಸೂಪರ್‌ಸಿಮ್ಮೆಟ್ರಿಯ ನಾಲ್ಕು ಆಯಾಮದ ಸಿದ್ಧಾಂತದಲ್ಲಿ ಗುರುತ್ವದ ಕಡೆಯಿಂದ ಸೇನ್ ಮತ್ತು ಜೊತೆಗಾರರು ಆ ಗುಣಾಂಕ ಕಂಡುಹಿಡಿದರು: ಋಣ 4. ಎಣಿಕೆಯ ಕಡೆಯಿಂದಲೂ ಋಣ 4. ಅದರ ಅರ್ಧದಷ್ಟು ಸೂಪರ್‌ಸಿಮ್ಮೆಟ್ರಿ ಇರುವಲ್ಲಿ ಎರಡೂ ಕಡೆ ಸೊನ್ನೆ. ಬಾಯಿಲೆಕ್ಕ ಪೈಸೆವರೆಗೂ ತಾಳೆಯಾಗುವುದು ಅಂದರೆ ಇದು. ಸೇನ್ ಈಗ ನಮ್ಮ ಬೆಂಗಳೂರಿನ ಸಂಶೋಧನಾ ಸಂಸ್ಥೆ ಐಸಿಟಿಎಸ್‌ನಲ್ಲಿದ್ದಾರೆ.

ರಾಮಾನುಜನ್ ಇನ್ನೊಮ್ಮೆ ಬರುತ್ತಾರೆ. 1920ರ ಜನವರಿಯಲ್ಲಿ, ಸಾಯುವ ಮೂರು ತಿಂಗಳ ಮುಂಚೆ, ಹಾರ್ಡಿಗೆ ಬರೆದ ಪತ್ರದಲ್ಲಿ ಮಾಕ್ ಥೀಟಾ ಎಂಬ ಉತ್ಪನ್ನಗಳನ್ನು (ಫಂಕ್ಷನ್‌ಗಳನ್ನು) ಕೆಲವು ಉದಾಹರಣೆ ಕೊಟ್ಟು ಬಿಟ್ಟರು. ಕೆಲವು ಎಣಿಕೆಗಳಲ್ಲಿ ಒಂದು ಕುಳಿಯ ಜೊತೆ, ಒಂದನ್ನೊಂದು ಹಿಡಿದುಕೊಂಡ ಜೋಡಿ ಕುಳಿಗಳೂ ಸೇರಿಬಿಡುತ್ತವೆ. ಜೋಡಿಯನ್ನು ಕಳೆದು ಒಂಟಿಯನ್ನಷ್ಟೇ ಉಳಿಸಿಕೊಂಡರೆ ಆ ಉತ್ಪನ್ನದ ಸಮರೂಪತೆ ಮುಕ್ಕಾಗುತ್ತದೆ. ಆ ಮುಕ್ಕು ಎಂಥದ್ದೆಂದರೆ ರಾಮಾನುಜನ್ ಪತ್ರದಲ್ಲಿದ್ದ ಜಾತಿಯದ್ದೇ. ಅತೀಶ್ ದಾಭೋಲ್ಕರ್, ಸಮೀರ್ ಮೂರ್ತಿ, ಡಾನ್ ಝಾಗಿಯರ್ 2012ರಲ್ಲಿ ಇದನ್ನು ತೋರಿಸಿದರು.

ಇನ್ನು ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: ನಮ್ಮ ಹಾಲುಹಾದಿಯ ನಡುವಿನ ಕುಳಿಗೆ ಈ ಲೆಕ್ಕ ಆಗಿದೆಯೇ? ಇಲ್ಲ. ಅದು 40 ಲಕ್ಷ ಸೂರ್ಯರಷ್ಟು ಭಾರ, ತಿರುಗುತ್ತದೆ, ಸೂಪರ್‌ಸಿಮ್ಮೆಟ್ರಿ ಇಲ್ಲ. ಗುರುತ್ವದ ಕಡೆಯ ಪಾಲನ್ನು ಸೇನ್ 2012ರಲ್ಲೇ ಬರೆದಿಟ್ಟಿದ್ದಾರೆ, ತಿರುಗದ ಸಾಮಾನ್ಯ ಕುಳಿಗೂ ಲಾಗರಿದಮ್ ತಿದ್ದುಪಡಿ ಎಷ್ಟೆಂದು. ಯಾವ ಸಿದ್ಧಾಂತದವರು ಎಣಿಸಿದರೂ ಅದಕ್ಕೆ ಹೊಂದಬೇಕು. ತಂತು ಸಿದ್ಧಾಂತಕ್ಕೆ ಪೈಪೋಟಿಯಾದ ಲೂಪ್ ಕ್ವಾಂಟಮ್ ಗುರುತ್ವದವರ ಉತ್ತರ ಹೊಂದುವಂತೆ ಕಾಣಲಿಲ್ಲ. ತಂತುವಿನವರು ಇನ್ನೂ ಎಣಿಸಿಯೇ ಇಲ್ಲ, ಆದ್ದರಿಂದ ಬೀಗಬೇಕಿಲ್ಲ. ಮೇಲಾಗಿ 2020ರ ಸುಮಾರಿಗೆ ಇಲಿಯೆಸಿಯು, ಟುರಿಯಾಚಿ ಮೊದಲಾದವರು, ಸೂಪರ್‌ಸಿಮ್ಮೆಟ್ರಿ ಇಲ್ಲದ ಕುಳಿಯನ್ನು ತಣ್ಣಗೆ ಮಾಡುತ್ತಾ ಹೋದರೆ ಕೊನೆಗೆ ಆ ಅಪಾರ ಬಗೆಗಳು ಉಳಿಯುವುದೇ ಇಲ್ಲ, ಸೂಪರ್‌ಸಿಮ್ಮೆಟ್ರಿ ಇದ್ದರೆ ಮಾತ್ರ ಉಳಿಯುತ್ತವೆ ಎಂದು ತೋರಿಸಿದರು. ಸ್ಟ್ರೊಮಿಂಜರ್, ವಾಫಾ ಆಯ್ದುಕೊಂಡದ್ದು ಎಷ್ಟು ಒಳ್ಳೆಯ ಉದಾಹರಣೆ ಎಂದು 25 ವರ್ಷದ ಮೇಲೆ ಗೊತ್ತಾಯಿತು.

ಕೊನೆಯ ಪ್ರಶ್ನೆ ಬೀಜ ಜೋಡಿಸಿದ ಹುಡುಗಿಯದ್ದು. "ಸರ್, ಕುಳಿ ಆದಮೇಲೆ ಬೀಜ ಎಲ್ಲಿರತ್ತೆ? ನಡುವೆನಾ, ಅಂಚಲ್ಲಾ?"

ಇಡೀ ಸಂಜೆ ನಾನು ಬದಿಗೆ ಸರಿಸುತ್ತಾ ಬಂದ ಪ್ರಶ್ನೆ ಅದು. ನಾವು ಎಣಿಸಿದ್ದು ಕುಳಿ ಇಲ್ಲದಾಗ. ತಿರುಗುಣಿ ಏರಿದ ಮೇಲೆ ಎಣಿಕೆ ಉಳಿಯುತ್ತದೆ, ಚಿತ್ರ ಉಳಿಯುವುದಿಲ್ಲ. ಜನಗಣತಿಯ ಮೊತ್ತ ಕೈಯಲ್ಲಿದೆ, ಯಾರ ಮನೆ ಎಲ್ಲಿ ಗೊತ್ತಿಲ್ಲ. ಮಾಥುರ್ ಪಕ್ಷ ಹೀಗೆ: ಬೀಜಗಳು ನಡುವೆ ಹೋಗಿ ಅಡಗುವುದೇ ಇಲ್ಲ, ದಿಗಂತದವರೆಗೂ ಹರಡಿಕೊಳ್ಳುತ್ತವೆ. ಕುಳಿ ಅಂದರೆ ಟೊಳ್ಳಲ್ಲ, ತೆಂಗಿನ ನಾರಿನ ಉಂಡೆ. ದಿಗಂತವೂ ಇಲ್ಲ, ಒಳಗೂ ಇಲ್ಲ. ಫಜ್‌ಬಾಲ್ ಅನ್ನುತ್ತಾರೆ. ಡಿ1, ಡಿ5 ಮಾತ್ರ ಇದ್ದು ಆವೇಗವಿಲ್ಲದ ಸರಳ ಸಂದರ್ಭದಲ್ಲಿ ಲುನಿನ್ ಮತ್ತು ಮಾಥುರ್ ಇಂಥ ಉಂಡೆಗಳನ್ನು ಸಮೀಕರಣಗಳಿಂದಲೇ ತೆಗೆದು ತೋರಿಸಿದ್ದಾರೆ. ಮೂರು ಆವೇಶಗಳ ಕುಳಿಗೆ ಸಿಕ್ಕಿರುವ ಉಂಡೆಗಳು ಬಹಳ, ಆದರೆ ಎಂಟ್ರೊಪಿಗೆ ಬೇಕಾದಷ್ಟು ಬಹಳವಲ್ಲ. ಇನ್ನೊಂದು ಪಕ್ಷ 2019ರಲ್ಲಿ ಪೆನಿಂಗ್ಟನ್ ಮತ್ತು ಅಲ್ಮ್‌ಹೇರಿ ಬಳಗದ ಲೆಕ್ಕಗಳನ್ನು ಹಿಡಿದು, ದಿಗಂತ ನಯವಾಗಿಯೇ ಇರಲಿ, ಒಳಗಿನ ಸುದ್ದಿ ವಿಕಿರಣದಲ್ಲಿ ಹೊರಬಂದೇ ಬರುತ್ತದೆ ಅನ್ನುತ್ತದೆ. ಯಾವ ಬೀಜ ಯಾವ ಸುದ್ದಿ ಹೊತ್ತು ತಂದಿತು ಎಂದು ಅವರೂ ಹೇಳುವುದಿಲ್ಲ. ನನ್ನ ಮನಸ್ಸು ನಾರಿನ ಉಂಡೆಯ ಕಡೆ ವಾಲುತ್ತದೆ, ಅದಕ್ಕೆ ಪುರಾವೆಗಿಂತ ಹೆಚ್ಚಾಗಿ ನನ್ನ ಸ್ವಭಾವ ಕಾರಣ ಇರಬಹುದು.

ಇಷ್ಟನ್ನೂ ಆಕೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಗೊತ್ತಿಲ್ಲ ಅಂತ ತಾನೆ, ಸರ್?" ಅಂದಳು.

ಹೌದಮ್ಮ, ಗೊತ್ತಿಲ್ಲ ಅಂತಲೇ. ಬೀಜ ಬೇಕಿದ್ದರೆ ತೊಗೊಂಡು ಹೋಗು, ಆರಕ್ಕೆ ಎಷ್ಟು ಬರುತ್ತೆ ನೋಡು.